ಫಿಲ್ಟರ್ ಹಾಕಿದ ಚಿತ್ರ ಮತ್ತು ವೈದ್ಯರ ಕಣ್ಣು

ಫಿಲ್ಟರ್ ಎಂದೊಡನೆ ಕನ್ನಡಿಗರ ಅನೇಕ ಮನೆಗಳಲ್ಲಿ ಮೊದಲು ನೆನಪಾಗುವುದು ಕಾಫಿಯ ಫಿಲ್ಟರ್. ಚರಟವನ್ನು ಮೇಲಿನ ಪಾತ್ರೆಯಲ್ಲಿ ತಡೆದು, ಡಿಕಾಕ್ಷನ್ನನ್ನು ಮಾತ್ರ ಕೆಳಗಿನ ಪಾತ್ರೆಗೆ ಇಳಿಸುವುದು ಅದರ ಕೆಲಸ. ಅದೇ ಹೆಸರಿನ ಇನ್ನೊಂದು ಸಾಧನ ಇಂದು ಎಲ್ಲರ ಕೈಯಲ್ಲಿರುವ ಮೊಬೈಲ್ ದೂರವಾಣಿಯೊಳಗೆ ನೆಲೆಸಿದೆ. ಛಾಯಾಚಿತ್ರದ ಬಣ್ಣವನ್ನು ಬದಲಿಸುವುದು, ಮುಖದ ಕಲೆಗಳನ್ನು ಅಳಿಸುವುದು, ಮೈಬಣ್ಣವನ್ನು ತಿಳಿಯಾಗಿಸುವುದು ಇದರ ಕೆಲಸ. ಇದೂ ಕೆಲವನ್ನು ತಡೆದು ಕೆಲವನ್ನು ಇಳಿಸುತ್ತದೆ. ಆದರೆ ಕಾಫಿಯಲ್ಲಿ ತಡೆಯಲ್ಪಡುವುದು ಬೇಡದ ಚರಟ; ಚಿತ್ರದಲ್ಲಿ ತಡೆಯಲ್ಪಡುವುದು ಕೆಲವೊಮ್ಮೆ ಅತ್ಯಗತ್ಯವಾದ ಸಂಗತಿಯೇ ಆಗಿರುತ್ತದೆ.

ಹಬ್ಬದ ಚಿತ್ರ, ಪ್ರವಾಸದ ಚಿತ್ರ, ಮದುವೆಯ ಚಿತ್ರಗಳಿಗೆ ಬಣ್ಣ ಕಟ್ಟಿದರೆ ಯಾರಿಗೂ ನಷ್ಟವಿಲ್ಲ. ಆದರೆ ಈಗ ಅದೇ ದೂರವಾಣಿಯಿಂದ ಗಾಯದ ಚಿತ್ರ, ಕಣ್ಣಿನ ಚಿತ್ರ, ಮಗುವಿನ ಮೈಮೇಲೆ ಎದ್ದ ದದ್ದುಗಳ ಚಿತ್ರ ವೈದ್ಯರಿಗೆ ಹೋಗುತ್ತಿವೆ. ಆದಕಾರಣ ಈ ಫಿಲ್ಟರುಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಅವನ್ನು ಬಳಸಬಹುದು, ಎಲ್ಲಿ ಕಡ್ಡಾಯವಾಗಿ ದೂರವಿಡಬೇಕು ಎಂಬುದನ್ನು ತಿಳಿದಿರುವುದು ಆರೋಗ್ಯದ ದೃಷ್ಟಿಯಿಂದಲೂ ಅವಶ್ಯಕ.

ಗಾಜಿನಿಂದ ಗಣಿತಕ್ಕೆ

ಫಿಲ್ಟರ್ ಎಂಬುದು ಛಾಯಾಗ್ರಹಣಕ್ಕೆ ಹೊಸದೇನಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ಮಸೂರದ ಮುಂದೆ ಹಳದಿ ಗಾಜನ್ನು ಇಟ್ಟು ಚಿತ್ರ ತೆಗೆಯುತ್ತಿದ್ದರು. ಅದು ಆಕಾಶದ ನೀಲಿ ಬೆಳಕನ್ನು ತಡೆಯುವುದರಿಂದ ಆಕಾಶ ಕಪ್ಪಾಗಿ, ಬಿಳಿಯ ಮೋಡಗಳು ಎದ್ದು ಕಾಣುತ್ತಿದ್ದವು. ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದಿ ಮುಖದ ಸುಕ್ಕುಗಳನ್ನು ಮರೆಮಾಡುವ ಕುಶಲಕರ್ಮಿಗಳಿದ್ದರು. ಮೈಸೂರಿನಲ್ಲಿ ಜನಿಸಿ ಮುಂಬಯಿಯ ಚಿತ್ರರಂಗದಲ್ಲಿ ಹೆಸರಾದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಕನ್ನಡಿಗಳ ಮೂಲಕ ಸೂರ್ಯನ ಬೆಳಕನ್ನು ಸ್ಟುಡಿಯೋದ ಒಳಕ್ಕೆ ಹಾಯಿಸಿ ಮೂಡಿಸಿದ ಬೆಳಕಿನ ಕೋಲು ಇಂದಿಗೂ ಪ್ರಸಿದ್ಧವಾಗಿದೆ. ಆ ಪರಿಣಾಮಗಳೆಲ್ಲ ತಾನು ಏನು ಮಾಡುತ್ತಿರುವೆನೆಂದು ಬಲ್ಲವನ ಕೈಯಿಂದ ಆಗುತ್ತಿದ್ದವು.

1987ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಥಾಮಸ್ ನೋಲ್ ಎಂಬಾತ ಗಣಕದ ಮೇಲೆ ಚಿತ್ರಗಳನ್ನು ತಿದ್ದುವ ತಂತ್ರಾಂಶವನ್ನು ಬರೆಯತೊಡಗಿದ. ಆತನ ತಮ್ಮ ಜಾನ್ ನೋಲ್ ಜೊತೆಗೂಡಿ ಬೆಳೆಸಿದ ಆ ತಂತ್ರಾಂಶವೇ 1990ರಲ್ಲಿ ಅಡೋಬಿ ಸಂಸ್ಥೆ ಮಾರುಕಟ್ಟೆಗೆ ತಂದ ಫೋಟೋಶಾಪ್. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಒಂದೇ ಒತ್ತಿನಲ್ಲಿ ಫಿಲ್ಟರ್ ಹಾಕುವ ಸೌಲಭ್ಯವನ್ನು ಮನೆಮಾತಾಗಿಸಿತು. 2015ರಲ್ಲಿ ಸ್ನ್ಯಾಪ್‌ಚಾಟ್ ಚಲಿಸುವ ಮುಖಕ್ಕೇ ವೇಷ ತೊಡಿಸತೊಡಗಿತು. ಅಲ್ಲಿಗೆ ತಿದ್ದುವವನ ಕೈ ಮರೆಯಾಯಿತು. ಇಂದು ಕೆಲವು ದೂರವಾಣಿಗಳಲ್ಲಿ ಮುಖವನ್ನು ಅಂದಗೊಳಿಸುವ ವ್ಯವಸ್ಥೆ ಕೊಂಡ ದಿನದಿಂದಲೇ ಚಾಲನೆಯಲ್ಲಿರುತ್ತದೆ. ಚಿತ್ರ ತೆಗೆದವರಿಗೇ ಅದರ ಅರಿವಿರುವುದಿಲ್ಲ.

ಅಂಕಿಗಳ ಆಟ

ದೂರವಾಣಿಯ ಚಿತ್ರವೆಂಬುದು ವಾಸ್ತವವಾಗಿ ಅಂಕಿಗಳ ಒಂದು ದೊಡ್ಡ ಕೋಷ್ಟಕ. ಚಿತ್ರವು ಪಿಕ್ಸೆಲ್ ಎಂಬ ಲಕ್ಷಾಂತರ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಪ್ರತಿಯೊಂದು ಚೌಕಕ್ಕೂ ಕೆಂಪು, ಹಸಿರು, ನೀಲಿ ಬಣ್ಣಗಳ ಪ್ರಮಾಣವನ್ನು ಸೂಚಿಸುವ ಮೂರು ಅಂಕಿಗಳುಂಟು. ಸಾಮಾನ್ಯವಾಗಿ ಈ ಅಂಕಿ 0ಯಿಂದ 255ರವರೆಗೆ ಇರಬಹುದು. ಮೂರರ ಸಂಯೋಗದಿಂದ ಒಟ್ಟು 1,67,77,216 ಬಣ್ಣಗಳು ಸಾಧ್ಯವಾಗುತ್ತವೆ. ಫಿಲ್ಟರ್ ಮಾಡುವುದು ಇಷ್ಟೇ: ಒಂದು ನಿಯಮದ ಪ್ರಕಾರ ಈ ಅಂಕಿಗಳನ್ನು ಬೇರೆ ಅಂಕಿಗಳಾಗಿ ಬದಲಿಸುವುದು.

ಚಿತ್ರವನ್ನು ಬೆಳಗಿಸುವ ಫಿಲ್ಟರನ್ನೇ ತೆಗೆದುಕೊಳ್ಳಬಹುದು. ಅದು ಪ್ರತಿ ಅಂಕಿಗೂ 30ನ್ನು ಕೂಡಿಸುತ್ತದೆ ಎಂದಿಟ್ಟುಕೊಳ್ಳೋಣ. 100 ಇದ್ದುದು 130 ಆಗುತ್ತದೆ. ಆದರೆ 230 ಇದ್ದುದು 260 ಆಗುವಂತಿಲ್ಲ. ಮಿತಿ 255 ಆದ್ದರಿಂದ ಅಲ್ಲಿಯೇ ನಿಲ್ಲುತ್ತದೆ. 250 ಇದ್ದುದೂ 255ರಲ್ಲಿಯೇ ನಿಲ್ಲುತ್ತದೆ. ಮೊದಲು ಬೇರೆ ಬೇರೆಯಾಗಿದ್ದ ಎರಡು ಛಾಯೆಗಳು ಈಗ ಒಂದೇ ಆದವು. ಬಳಿಕ 30ನ್ನು ಕಳೆದರೂ ಹಿಂದಿನ ವ್ಯತ್ಯಾಸ ಮರಳಿ ಬಾರದು.

ಚರ್ಮವನ್ನು ನುಣುಪಾಗಿಸುವ ಫಿಲ್ಟರಿನ ರೀತಿ ಬೇರೆ. ಅದು ಪ್ರತಿ ಚೌಕವನ್ನೂ ಅದರ ನೆರೆಯ ಚೌಕಗಳೊಡನೆ ಸೇರಿಸಿ ಸರಾಸರಿ ತೆಗೆಯುತ್ತದೆ. ಮೂರು ಸಾಲು, ಪ್ರತಿ ಸಾಲಿಗೆ ಮೂರು ಎಂಬಂತೆ ಒಂಬತ್ತು ಚೌಕಗಳಿವೆಯೆನ್ನೋಣ. ಸುತ್ತಲಿನ ಎಂಟರ ಅಂಕಿ 180. ನಡುವಿನದು ಒಂದು ಕಪ್ಪು ಚುಕ್ಕೆ, ಅದರ ಅಂಕಿ 90. ಒಂಬತ್ತರ ಮೊತ್ತ 1,530, ಸರಾಸರಿ 170. ಹೀಗೆ 90ರ ಕಪ್ಪು ಚುಕ್ಕೆ 170ಕ್ಕೆ ಏರಿ ಚರ್ಮದ ಬಣ್ಣದೊಳಗೆ ಕರಗಿಹೋಗುತ್ತದೆ. ಅದು ಮೊಡವೆಯೋ, ಹುಟ್ಟುಮಚ್ಚೆಯೋ, ರೋಗದ ಗುರುತೋ ಎಂಬ ವಿವೇಚನೆ ಈ ಲೆಕ್ಕಕ್ಕೆ ಇಲ್ಲ.

ಬರಿಯ ಸರಾಸರಿಯಿಂದ ಇಡೀ ಚಿತ್ರವೇ ಮಬ್ಬಾಗಿ ಮೋಸ ಬಯಲಾಗುತ್ತಿತ್ತು. ಇದಕ್ಕೊಂದು ಜಾಣ ಪರಿಹಾರವನ್ನು ಟೊಮಾಸಿ ಮತ್ತು ಮಂಡೂಚಿ ಎಂಬ ವಿಜ್ಞಾನಿಗಳು 1998ರಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಗಣಕದೃಷ್ಟಿ ಸಮ್ಮೇಳನದಲ್ಲಿ ಮಂಡಿಸಿದರು. ಬಣ್ಣದಲ್ಲಿ ಹತ್ತಿರವಿರುವ ಚೌಕಗಳಿಗೆ ಹೆಚ್ಚು ಬೆಲೆ, ತೀರ ಬೇರೆಯಾದವುಗಳಿಗೆ ಕಡಿಮೆ ಬೆಲೆ ಕೊಟ್ಟು ಸರಾಸರಿ ತೆಗೆಯುವುದು ಅವರ ವಿಧಾನ. ಬೈಲ್ಯಾಟರಲ್ ಫಿಲ್ಟರ್ ಎಂದು ಹೆಸರಾದ ಇದರಿಂದ ಚರ್ಮ ನುಣುಪಾದರೂ ರೆಪ್ಪೆ, ಹುಬ್ಬು, ತುಟಿಗಳ ಅಂಚು ಸ್ಪಷ್ಟವಾಗಿಯೇ ಉಳಿಯುತ್ತದೆ. ಆದ್ದರಿಂದಲೇ ಇಂಥ ವಿಧಾನಗಳಿಂದ ತಿದ್ದಿದ ಚಿತ್ರವನ್ನು ನೋಡಿದವರಿಗೆ ಸಂಶಯ ಹುಟ್ಟುವುದಿಲ್ಲ.

ವಿಡಿಯೋದಲ್ಲಿ ಇದೇ ಕೆಲಸ ಕ್ಷಣಕ್ಷಣಕ್ಕೂ ನಡೆಯುತ್ತದೆ. ಸೆಕೆಂಡಿಗೆ 30 ಚಿತ್ರಗಳು, ಪ್ರತಿಯೊಂದರಲ್ಲಿ 1,920ಕ್ಕೆ 1,080ರಂತೆ 20,73,600 ಚೌಕಗಳು. ಎಂದರೆ ಸೆಕೆಂಡಿಗೆ ಆರು ಕೋಟಿಗೂ ಮೀರಿದ ಚೌಕಗಳ ಲೆಕ್ಕ. ತಂತ್ರಾಂಶವು ಮೊದಲು ಮುಖವೆಲ್ಲಿದೆಯೆಂದು ಹುಡುಕಿ, ಕಣ್ಣು, ಮೂಗು, ತುಟಿ, ಗಲ್ಲಗಳ ಮೇಲೆ ಗುರುತುಬಿಂದುಗಳನ್ನು ನೆಟ್ಟು, ಆ ಬಿಂದುಗಳನ್ನು ಅನುಸರಿಸಿ ಬಣ್ಣವನ್ನೂ ಆಕಾರವನ್ನೂ ಬದಲಿಸುತ್ತದೆ. ಮುಖದ ಮುಂದೆ ಕೈ ಅಡ್ಡ ಬಂದಾಗ ವೇಷ ಕ್ಷಣಕಾಲ ಕಳಚಿದಂತಾಗುವುದು ಈ ಬಿಂದುಗಳು ತಪ್ಪಿಹೋಗುವುದರಿಂದಲೇ.

ರೋಗನಿದಾನಕ್ಕೆ ಒದಗುವ ತೊಡಕು

ಭಾರತ ಸರ್ಕಾರವು 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿಗಳನ್ನು ಪ್ರಕಟಿಸಿತು. ನೋಂದಾಯಿತ ವೈದ್ಯರು ವಿಡಿಯೋ, ಧ್ವನಿ ಹಾಗೂ ಬರಹದ ಮೂಲಕ ದೂರದಿಂದಲೇ ಸಲಹೆ ನೀಡಲು ಅವು ಸ್ಪಷ್ಟ ನಿಯಮಗಳನ್ನು ಒದಗಿಸಿದವು. ಹೊರನಾಡ ಕನ್ನಡಿಗರ ಮನೆಗಳಿಗೆ ಇದರ ಉಪಯೋಗ ವಿಶೇಷವಾದದ್ದು. ತಂದೆತಾಯಿಗಳು ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಇರುತ್ತಾರೆ. ಮಕ್ಕಳು ಪುಣೆಯಲ್ಲಿಯೋ ಹೈದರಾಬಾದಿನಲ್ಲಿಯೋ ಇರುತ್ತಾರೆ. ಊರಿನಿಂದ ಬಂದ ಚಿತ್ರವನ್ನು ಮಗನೋ ಮಗಳೋ ನಗರದ ವೈದ್ಯರಿಗೆ ಕಳುಹಿಸುವುದು ಈಗ ನಿತ್ಯದ ಸಂಗತಿ. ಆ ಚಿತ್ರ ದಾರಿಯಲ್ಲಿ ಫಿಲ್ಟರಿನೊಳಗೆ ಹಾಯ್ದು ಬಂದಿದ್ದರೆ ವೈದ್ಯರಿಗೆ ಕಾಣುವುದು ರೋಗಿಯ ದೇಹವಲ್ಲ, ತಂತ್ರಾಂಶದ ಲೆಕ್ಕಾಚಾರ.

ಕಾಮಾಲೆಯನ್ನು ಉದಾಹರಣೆಗೆ ನೋಡಬಹುದು. ರಕ್ತದಲ್ಲಿ ಬಿಲಿರುಬಿನ್ ಅಂಶ 100 ಮಿಲಿಲೀಟರಿಗೆ ಸುಮಾರು 2ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣತೊಡಗುತ್ತದೆ. ಚಿತ್ರಕ್ಕೆ ಬಿಸಿಲಿನ ಹೊಂಬಣ್ಣ ಕೊಡುವ ಫಿಲ್ಟರ್ ಆರೋಗ್ಯವಂತನ ಕಣ್ಣನ್ನೂ ಹಳದಿಯಾಗಿ ತೋರಿಸಬಹುದು. ನೀಲಿಯ ಕಡೆಗೆ ವಾಲಿಸುವ ಫಿಲ್ಟರ್ ನಿಜವಾದ ಹಳದಿಯನ್ನೇ ಅಡಗಿಸಬಹುದು. ನವಜಾತ ಶಿಶುಗಳ ಕಾಮಾಲೆಯನ್ನು ದೂರವಾಣಿಯ ಚಿತ್ರದಿಂದ ಅಳೆಯಲು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಬಿಲಿಕ್ಯಾಮ್ ಎಂಬ ವಿಧಾನವನ್ನು ರೂಪಿಸಿದಾಗ, ಮಗುವಿನ ಮೈಮೇಲೆ ಗೊತ್ತಾದ ಬಣ್ಣಗಳುಳ್ಳ ಒಂದು ಕಾರ್ಡನ್ನು ಇಟ್ಟೇ ಚಿತ್ರ ತೆಗೆಯಬೇಕಾಯಿತು. ಹೋಲಿಸಿ ನೋಡಲು ಆಧಾರವಿಲ್ಲದೆ ಚಿತ್ರದ ಬಣ್ಣವನ್ನು ನಂಬಲಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಚರ್ಮದ ವಿಷಯವಂತೂ ಇನ್ನೂ ಸೂಕ್ಷ್ಮ. ಮಚ್ಚೆಯೊಂದು ಕ್ಯಾನ್ಸರಿನ ಸೂಚನೆಯೇ ಎಂದು ಶಂಕಿಸುವಾಗ ವೈದ್ಯರು ನೋಡುವುದು ಅದರ ಎರಡು ಪಾರ್ಶ್ವಗಳ ಅಸಮತೆ, ಅಂಚಿನ ಅಂಕುಡೊಂಕು, ಬಣ್ಣದ ವೈವಿಧ್ಯ, 6 ಮಿಲಿಮೀಟರಿಗೆ ಮೀರಿದ ಗಾತ್ರ ಮತ್ತು ಕಾಲಕ್ರಮದಲ್ಲಿ ಆಗುವ ಬದಲಾವಣೆಗಳನ್ನು. ನುಣುಪಿನ ಫಿಲ್ಟರ್ ಮೊದಲು ಅಳಿಸುವುದು ಈ ಅಂಚು ಮತ್ತು ಬಣ್ಣದ ಭೇದಗಳನ್ನೇ. ಕಂದು ಮೈಬಣ್ಣದವರಲ್ಲಿ ದದ್ದಿನ ಕೆಂಪು ಸಹಜವಾಗಿಯೇ ಮಂದವಾಗಿರುತ್ತದೆ. ಮೈಬಣ್ಣ ತಿಳಿಮಾಡುವ ಫಿಲ್ಟರ್ ಅದನ್ನು ಪೂರ್ತಿ ತೊಡೆದುಹಾಕಬಹುದು. ಮಧುಮೇಹಿಗಳ ಕಾಲಿನ ಹುಣ್ಣಿನ ಸುತ್ತ ಕೆಂಪು ಹರಡುತ್ತಿದೆಯೇ, ಅಂಚು ಕಪ್ಪಾಗುತ್ತಿದೆಯೇ ಎಂಬ ನಿರ್ಣಯದ ಮೇಲೆ ಕಾಲಿನ ಉಳಿವೇ ನಿಂತಿರುವ ಸಂದರ್ಭಗಳುಂಟು.

ವೈದ್ಯರೂ ಬಳಸುವ ಫಿಲ್ಟರ್

ಹಾಗೆಂದು ಫಿಲ್ಟರ್ ಎಂಬುದೇ ವೈದ್ಯಕೀಯಕ್ಕೆ ವೈರಿಯೆಂದು ತಿಳಿಯಬಾರದು. ಸಿ.ಟಿ. ಸ್ಕ್ಯಾನ್ ಯಂತ್ರವನ್ನು ರೂಪಿಸಿ 1979ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಹೌನ್ಸ್‌ಫೀಲ್ಡ್ ಅವರ ಹೆಸರಿನ ಮಾನದಲ್ಲಿ ನೀರಿಗೆ 0, ಗಾಳಿಗೆ ಋಣ 1,000 ಎಂದು ಗೊತ್ತುಪಡಿಸಲಾಗಿದೆ. ಮೂಳೆಯ ಅಂಕಿ ನೂರಾರು, ಗಟ್ಟಿ ಮೂಳೆಯದು ಸಾವಿರಕ್ಕೂ ಮೇಲೆ. ಇಷ್ಟು ವ್ಯಾಪ್ತಿಯನ್ನು ಕಣ್ಣು ಒಮ್ಮೆಗೇ ಗ್ರಹಿಸಲಾರದು. ಆದ್ದರಿಂದ ವೈದ್ಯರು ಶ್ವಾಸಕೋಶವನ್ನು ನೋಡುವಾಗ ಒಂದು ಭಾಗವನ್ನೂ, ಮೂಳೆಯನ್ನು ನೋಡುವಾಗ ಇನ್ನೊಂದು ಭಾಗವನ್ನೂ ಹಿಗ್ಗಿಸಿ ನೋಡುತ್ತಾರೆ. ಇದೂ ಅಂಕಿಗಳನ್ನು ಬದಲಿಸುವ ಕ್ರಿಯೆಯೇ. ಆದರೆ ಇಲ್ಲಿ ಬದಲಾಗುವುದು ಪರದೆಯ ನೋಟ ಮಾತ್ರ. ಮೂಲ ಅಂಕಿಗಳು ಹಾಗೆಯೇ ಉಳಿದಿರುತ್ತವೆ. ನೋಡುವವರಿಗೂ ಏನು ಬದಲಾಯಿತೆಂಬುದು ಗೊತ್ತಿರುತ್ತದೆ. ಗೃಹಬಳಕೆಯ ಫಿಲ್ಟರಿನಲ್ಲಿ ಬಹುಮಟ್ಟಿಗೆ ಇಲ್ಲದಿರುವುದು ಈ ಎರಡು ಎಚ್ಚರಿಕೆಗಳೇ.

ಮನಸ್ಸಿನ ಆರೋಗ್ಯ

ದೇಹದಂತೆಯೇ ಮನಸ್ಸಿಗೂ ಇದರ ಪರಿಣಾಮವುಂಟು. ಫಿಲ್ಟರಿನಲ್ಲಿ ಕಾಣುವ ತಮ್ಮ ಮುಖದಂತೆಯೇ ನಿಜವಾದ ಮುಖವನ್ನೂ ಮಾಡಿಕೊಡಬೇಕೆಂದು ಕೇಳಿಕೊಂಡು ಬರುವವರ ವಿಷಯವನ್ನು ಅಮೆರಿಕದ ಚರ್ಮವೈದ್ಯರು 2018ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಚರ್ಚಿಸಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಲೆಕ್ಕಾಚಾರದ ಪ್ರಕಾರ, 12 ಅಂಗುಲ ದೂರದಿಂದ ತೆಗೆದ ಸ್ವಂತ ಚಿತ್ರದಲ್ಲಿ ಮೂಗು, 5 ಅಡಿ ದೂರದಿಂದ ತೆಗೆದುದಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ. ಕ್ಯಾಮೆರಾದ ಸಾಮೀಪ್ಯದಿಂದಾದ ದೋಷವನ್ನು ತಮ್ಮ ಮೂಗಿನ ದೋಷವೆಂದು ತರುಣ ತರುಣಿಯರು ಕೊರಗುವುದು ಎಂಥ ವಿಪರ್ಯಾಸ! ಫ್ರಾನ್ಸ್ ದೇಶದಲ್ಲಿ 2017ರಿಂದ, ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತು ಚಿತ್ರಗಳ ಮೇಲೆ ತಿದ್ದಲಾಗಿದೆಯೆಂದು ನಮೂದಿಸುವುದು ಕಡ್ಡಾಯವಾಯಿತು. ನಾರ್ವೆಯಲ್ಲಿ ಇಂಥದೇ ಕಾನೂನು 2022ರಲ್ಲಿ ಜಾರಿಗೆ ಬಂದಿತು. ವಧೂವರರ ಚಿತ್ರಗಳಲ್ಲಿ ಬಣ್ಣ ತಿಳಿಮಾಡುವ ಹಿರಿಯರು, ಮಕ್ಕಳಿಗೆ ಅವರ ಸಹಜ ಬಣ್ಣ ಸಾಲದೆಂಬ ಪಾಠವನ್ನು ತಮಗರಿವಿಲ್ಲದೆಯೇ ಕಲಿಸುತ್ತಿದ್ದಾರೆಂಬುದನ್ನು ಯೋಚಿಸಬೇಕು.

ಪಾಲಿಸತಕ್ಕ ನಿಯಮಗಳು

ವೈದ್ಯರಿಗೆ ಚಿತ್ರ ಕಳುಹಿಸುವವರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ದೂರವಾಣಿಯ ಹಿಂಬದಿಯ ಕ್ಯಾಮೆರಾವನ್ನು ಬಳಸಬೇಕು. ಅಂದಗೊಳಿಸುವ ವ್ಯವಸ್ಥೆ, ಬಣ್ಣದ ಫಿಲ್ಟರ್ ಎಲ್ಲವನ್ನೂ ಮೊದಲೇ ನಿಲ್ಲಿಸಿರಬೇಕು. ವಿಡಿಯೋ ಕರೆಗೂ ಇದೇ ನಿಯಮ.

2. ಕಿಟಕಿಯ ಬಳಿ, ಹಗಲು ಬೆಳಕಿನಲ್ಲಿ, ನೇರ ಬಿಸಿಲು ಬೀಳದಂತೆ ಚಿತ್ರ ತೆಗೆಯಬೇಕು. ಬಣ್ಣದ ಪರದೆಯನ್ನು ಸರಿಸಿರಬೇಕು.

3. ಗಾಯ ಅಥವಾ ದದ್ದಿನ ಪಕ್ಕದಲ್ಲಿ, ಅದಕ್ಕೆ ತಾಗದಂತೆ, ಬಿಳಿಯ ಕಾಗದದ ಚೂರನ್ನೂ ಅಳತೆಪಟ್ಟಿಯನ್ನೂ ಇಟ್ಟರೆ ಬಣ್ಣ ಮತ್ತು ಗಾತ್ರಗಳ ಅಂದಾಜು ಸಿಗುತ್ತದೆ.

4. ದೂರದಿಂದ ಒಂದು, ಹತ್ತಿರದಿಂದ ಒಂದು ಹೀಗೆ ಎರಡು ಚಿತ್ರಗಳಿರಲಿ. ಅವಶ್ಯವಿಲ್ಲದಿದ್ದರೆ ಮುಖ ಕಾಣಿಸುವುದು ಬೇಡ.

5. ವಾಟ್ಸಾಪಿನಂಥ ಸಾಧನಗಳು ಚಿತ್ರವನ್ನು ಕುಗ್ಗಿಸಿ ಕಳುಹಿಸುವುದರಿಂದ ಸೂಕ್ಷ್ಮ ವಿವರಗಳು ನಷ್ಟವಾಗುತ್ತವೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಚಿತ್ರವೇ ತಲುಪುತ್ತದೆ.

6. ಚಿತ್ರ ತೆಗೆದ ದಿನ, ವೇಳೆಯನ್ನು ತಿಳಿಸಬೇಕು. ತಿದ್ದಿದ ಚಿತ್ರವಾದರೆ ಅದನ್ನೂ ಮುಚ್ಚಿಡದೆ ಹೇಳಬೇಕು.

ಎಷ್ಟೇ ಒಳ್ಳೆಯ ಚಿತ್ರವಾದರೂ ಅದು ವೈದ್ಯರ ಕೈಯ ಸ್ಪರ್ಶಕ್ಕೆ ಸಮನಲ್ಲ. ಉಸಿರಾಟದ ತೊಂದರೆ, ತೀವ್ರ ಜ್ವರ, ಬೇಗನೆ ಹರಡುವ ಊತ ಇವು ಕಂಡಾಗ ಚಿತ್ರ ಕಳುಹಿಸುತ್ತ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು. ಊರಿನಲ್ಲಿರುವ ಹಿರಿಯರಿಗೆ ದೂರವಾಣಿಯನ್ನು ಕೊಡಿಸುವ ಮಕ್ಕಳು, ಅದರಲ್ಲಿನ ಅಂದಗೊಳಿಸುವ ವ್ಯವಸ್ಥೆಯನ್ನು ಮುಂದಿನ ಸಲ ಊರಿಗೆ ಹೋದಾಗ ತಾವೇ ನಿಲ್ಲಿಸಿ, ಸಾದಾ ಚಿತ್ರ ತೆಗೆಯುವ ಬಗೆಯನ್ನು ಅವರಿಗೆ ತೋರಿಸಿಕೊಟ್ಟು ಬರುವುದು ಉತ್ತಮ. ಐದು ನಿಮಿಷದ ಈ ಕೆಲಸದಿಂದ, ಅಗತ್ಯ ಬಿದ್ದ ದಿನ ವೈದ್ಯರಿಗೆ ರೋಗಿಯ ನಿಜಸ್ಥಿತಿ ಕಾಣುವಂತಾಗುತ್ತದೆ.