ಕತ್ತಿನ ಜೋಲುಗಂಟೂ ವಿದ್ಯುತ್ತಿನ ಮೊನೆಯೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯಲ್ಲಿ ವಿದ್ಯುತ್ತಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅಡಕೆಯ ಕೊನೆ ಕೊಯ್ಯುವಾಗ ಲೋಹದ ದೋಟಿ ತಂತಿಗೆ ತಾಗಿ ಜೀವ ಕಳೆದುಕೊಂಡವರ ಸುದ್ದಿಯನ್ನು ಮಲೆನಾಡಿನವರು ಮತ್ತೆ ಮತ್ತೆ ಕೇಳಿದ್ದಾರೆ. ಇಂಥಲ್ಲಿ ಖಾಸಗಿ ಚಿಕಿತ್ಸಾಲಯದ ವೈದ್ಯರು “ಕತ್ತಿನ ಗಂಟನ್ನು ಕರೆಂಟಿನಿಂದ ತೆಗೆದುಬಿಡೋಣ” ಎಂದರೆ ರೋಗಿ ಕುರ್ಚಿ ಬಿಟ್ಟೆದ್ದು, ಮನೆಗೆ ಹೋಗಿ ಸುಣ್ಣ ಹಚ್ಚಿಕೊಳ್ಳುವುದರಲ್ಲಿ ಆಶ್ಚರ್ಯವೇನು? ದೋಟಿಯಲ್ಲಿ ಹರಿದು ಕೊಲ್ಲುವ ವಿದ್ಯುತ್ತು ವೈದ್ಯರ ಕೈಯಲ್ಲಿ ಏಕೆ ಕೊಲ್ಲುವುದಿಲ್ಲವೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಮೊದಲು ಗಂಟಿನ ವಿಷಯ. ಚರ್ಮದ ಮೇಲೆ ಎದ್ದುದನ್ನೆಲ್ಲ ನರಹುಲಿ ಎನ್ನುವುದು ನಮ್ಮಲ್ಲಿ ರೂಢಿ. ಆದರೆ ವೈರಸ್ಸಿನಿಂದ ಹುಟ್ಟಿ, ಒರಟಾಗಿ ಬೆಳೆದು, ಒಬ್ಬರಿಂದೊಬ್ಬರಿಗೆ ಹರಡುವ ಗಂಟು ಬೇರೆ. ವೈದ್ಯರು ಸ್ಕಿನ್ ಟ್ಯಾಗ್ ಎನ್ನುವುದು ಬೇರೆ. ಈ ಎರಡನೆಯದನ್ನು ನಾವು ಜೋಲುಗಂಟು ಎಂದು ಕರೆಯೋಣ. ತೆಳುವಾದ ತೊಟ್ಟಿನಿಂದ ಜೋತುಬಿದ್ದ ಈ ಮೆತ್ತನೆಯ ಗಂಟಿನೊಳಗೆ ಕೊಲ್ಯಾಜೆನ್ ಎಂಬ ನಾರು, ತುಸು ಕೊಬ್ಬು, ಸೂಕ್ಷ್ಮ ರಕ್ತನಾಳಗಳು ಇರುತ್ತವೆ. ಕತ್ತು, ಕಂಕುಳು, ಕಣ್ಣಿನ ರೆಪ್ಪೆಗಳಲ್ಲಿ ಇದು ಸಾಮಾನ್ಯ. ಸ್ಥೂಲಕಾಯರಲ್ಲಿಯೂ ಗರ್ಭಿಣಿಯರಲ್ಲಿಯೂ ಮಧುಮೇಹಿಗಳಲ್ಲಿಯೂ ಹೆಚ್ಚು. ಅಪಾಯವಿಲ್ಲದ್ದಾದ್ದರಿಂದ ತೆಗೆಸಲೇಬೇಕೆಂದಿಲ್ಲ, ಸರಕ್ಕೋ ಅಂಗಿಯ ಪಟ್ಟಿಗೋ ಸಿಕ್ಕಿ ರಕ್ತ ಬಂದಾಗ ಮಾತ್ರ ಅದರ ನೆನಪಾಗುತ್ತದೆ. ಗಂಟುಗಳು ಅನೇಕವಾಗಿ, ಕತ್ತಿನ ಹಿಂಭಾಗವೂ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗಿದ್ದರೆ, ಗಂಟಿಗಿಂತ ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

ಕುದುರೆಯ ಕೂದಲಿನಿಂದ ತೊಟ್ಟನ್ನು ಬಿಗಿಯುವ ಹಳೆಯ ಉಪಾಯದಲ್ಲಿ ತರ್ಕವಿಲ್ಲದಿಲ್ಲ: ರಕ್ತ ನಿಂತರೆ ಗಂಟು ಒಣಗುತ್ತದೆ. ಆದರೆ ಕೀವಾಗುವುದೂ ಅಲ್ಲಿಯೇ. ಸುಣ್ಣಕ್ಕೆ ಬಟ್ಟೆಸೋಡ ಬೆರೆಸಿ ಹಚ್ಚುವುದಂತೂ ಘೋರ. ಇವೆರಡೂ ನೀರಿನಲ್ಲಿ ಕೂಡಿದರೆ ಕಾಸ್ಟಿಕ್ ಸೋಡ ಹುಟ್ಟುತ್ತದೆಂಬುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಕ್ಷಾರವು ಮಾಂಸವನ್ನು ಕರಗಿಸುತ್ತ ಆಳಕ್ಕಿಳಿಯುತ್ತದೆ. ಗಂಟು ಎಲ್ಲಿ ಮುಗಿಯಿತು, ಕತ್ತು ಎಲ್ಲಿ ಮೊದಲಾಯಿತು ಎಂಬ ವಿವೇಕ ಅದಕ್ಕಿಲ್ಲ.

ಇನ್ನು ವಿದ್ಯುತ್ತಿಗೆ ಬರೋಣ. ನಮ್ಮ ಮನೆಯ ವಿದ್ಯುತ್ಪ್ರವಾಹ ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸುತ್ತದೆ. ಎಂದರೆ ಒಂದು ದಿಕ್ಕಿನಲ್ಲಿ ಅದು ಸೆಕೆಂಡಿನ ನೂರನೆಯ ಒಂದು ಭಾಗ ಹರಿಯುತ್ತದೆ. ನರತಂತುವಿನ ಪೊರೆಯಲ್ಲಿ ಅಯಾನುಗಳು ದಾಟಿ ನರ ಕೆರಳುವುದಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಸಾಕು. ಆದಕಾರಣ ಮನೆಯ ವಿದ್ಯುತ್ತು ಸ್ನಾಯುಗಳನ್ನು ಸೆಟೆಸುತ್ತದೆ, ಹೃದಯದ ಲಯವನ್ನು ಕೆಡಿಸುತ್ತದೆ. ಅದೇ ಪ್ರವಾಹ ಸೆಕೆಂಡಿಗೆ ಒಂದು ಲಕ್ಷಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸಿದರೆ? ತೊಟ್ಟಿಲನ್ನು ತೂಗುವ ಬದಲು ಕ್ಷಣಕ್ಷಣಕ್ಕೂ ಮುಂದಕ್ಕೂ ಹಿಂದಕ್ಕೂ ಜಗ್ಗಿದಂತೆ: ತೊಟ್ಟಿಲು ನಡುಗುತ್ತದೆ, ತೂಗುವುದಿಲ್ಲ. ಅಯಾನುಗಳು ಇದ್ದಲ್ಲಿಯೇ ನಡುಗಿ ಬಿಸಿ ಹುಟ್ಟಿಸುತ್ತವೆ, ನರ ಕೆರಳುವುದಿಲ್ಲ. ಈ ಸಂಗತಿಯನ್ನು 1890ರ ದಶಕದ ಆರಂಭದಲ್ಲಿ ಫ್ರಾನ್ಸಿನ ದಾರ್ಸನ್ವಾಲ್ ಪ್ರಯೋಗಗಳಿಂದ ತೋರಿಸಿದನು. ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಲ್ಲಿ ಕೇಳಿ ಬೆಳೆದವರಿಗೆ ಈ ಆವೃತ್ತಿ ಅಪರಿಚಿತವಲ್ಲ. ವೈದ್ಯರ ಉಪಕರಣ ಸುಮಾರು ಇದೇ ಮಟ್ಟದಲ್ಲಿ, ಅಥವಾ ಇದರ ಕೆಲವು ಪಟ್ಟಿನಲ್ಲಿ, ಕೆಲಸಮಾಡುತ್ತದೆ.

ಹಾಗಾದರೆ ಮೈಯೆಲ್ಲ ಏಕೆ ಬೇಯುವುದಿಲ್ಲ? ಪ್ರವಾಹ ಒಂದು ಮೊನೆಯಿಂದ ಒಳಹೊಕ್ಕು, ಬೆನ್ನಿನಡಿಯೋ ತೊಡೆಯಡಿಯೋ ಇರಿಸಿದ ಅಗಲವಾದ ಫಲಕದಿಂದ ಹೊರಬರುತ್ತದೆ. ಮೊನೆ ತಾಗುವ ಜಾಗ 1 ಚದರ ಮಿಲಿಮೀಟರ್, ಫಲಕ 10,000 ಚದರ ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಪ್ರವಾಹದ ಸಾಂದ್ರತೆ ಮೊನೆಯಲ್ಲಿ ಹತ್ತು ಸಾವಿರ ಪಾಲು ಹೆಚ್ಚು. ಪ್ರತಿ ಘನ ಮಿಲಿಮೀಟರಿನಲ್ಲಿ ಹುಟ್ಟುವ ಶಾಖವಾದರೋ ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ಹತ್ತು ಕೋಟಿ ಪಾಲು! ಫಲಕದ ಅಂಚು ಮಾತ್ರ ಚರ್ಮಕ್ಕೆ ತಾಗಿದ್ದರೆ ಅಲ್ಲಿಯೂ ಸುಡಬಹುದೆಂಬುದು ಇದೇ ಲೆಕ್ಕದಿಂದ ಹೊರಡುತ್ತದೆ. ಮೊನೆಯ ಬಳಿ ಜೀವಕೋಶದ ನೀರು ಥಟ್ಟನೆ ಆವಿಯಾದರೆ ಚರ್ಮ ಕತ್ತರಿಸುತ್ತದೆ. 60–70 ಡಿಗ್ರಿಯವರೆಗೆ ಮಾತ್ರ ಕಾದರೆ ಮೊಟ್ಟೆಯ ಬಿಳಿ ಗಟ್ಟಿಯಾದಂತೆ ಪ್ರೋಟೀನು ಹೆಪ್ಪುಗಟ್ಟಿ ರಕ್ತನಾಳ ಮುಚ್ಚುತ್ತದೆ. ಅಮೆರಿಕದ ಬೋವಿ ರಚಿಸಿದ ಇಂಥ ಯಂತ್ರವನ್ನು 1926ರ ಅಕ್ಟೋಬರ್ 1ರಂದು ಬಾಸ್ಟನ್ ನಗರದಲ್ಲಿ ಶಸ್ತ್ರವೈದ್ಯ ಕುಶಿಂಗ್ ತಲೆಯ ಗೆಡ್ಡೆಯೊಂದನ್ನು ತೆಗೆಯಲು ಬಳಸಿದನು. ಕೆಲವು ಚಿಕಿತ್ಸಾಲಯಗಳಲ್ಲಿರುವುದು ಕೇವಲ ಕಾದ ತಂತಿ. ಅದರಲ್ಲಿ ಪ್ರವಾಹ ದೇಹವನ್ನು ಹೊಗುವುದೇ ಇಲ್ಲ.

ಶೀತದಿಂದಲೂ ಗಂಟನ್ನು ಕೊಲ್ಲಬಹುದು. ಆದರೆ ಅದಕ್ಕೆ ಬೇಕಾದ ದ್ರವ ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತ ಆವಿಯಾಗಿ ಹೋಗುವುದರಿಂದ ಸಣ್ಣ ಊರಿನ ಚಿಕಿತ್ಸಾಲಯಕ್ಕೆ ಅದನ್ನು ಕಾಪಿಡುವುದು ಕಷ್ಟ. ತಮಾಷೆಯೆಂದರೆ, ಹಸುಗಳ ಕೃತಕ ಗರ್ಭಧಾರಣೆಗಾಗಿ ಪಶುವೈದ್ಯರು ಅದನ್ನು ನಿರ್ವಾತ ಗೋಡೆಯ ಪಾತ್ರೆಯಲ್ಲಿ ಇಟ್ಟುಕೊಂಡಿರುತ್ತಾರೆ!

ಕೆಲಸ ಕೆಲವೇ ನಿಮಿಷಗಳದು. ಲಿಗ್ನೊಕೇನ್ ಚುಚ್ಚಿ ಜಾಗವನ್ನು ಮರಗಟ್ಟಿಸುತ್ತಾರೆ. ಸ್ಪಿರಿಟ್ಟು ಒರೆಸಿದ್ದರೆ ಅದು ಪೂರ್ತಿ ಆರಬೇಕು, ಕಿಡಿಗೆ ಅದು ಹೊತ್ತಿಕೊಳ್ಳುವುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದನ್ನು ಮೊದಲೇ ಹೇಳಬೇಕು. ಗಾಯದ ಹಕ್ಕಳೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಆಷಾಢದ ಮಳೆಯಲ್ಲಿ ತೋಟಕ್ಕಿಳಿಯುವವರಿಗೆ ಅದನ್ನು ಒಣಗಿಸಿಟ್ಟುಕೊಳ್ಳುವುದೇ ದೊಡ್ಡ ಕೆಲಸ.

ಗಂಟಿನ ಗುರುತು ಮಾತ್ರ ವೈದ್ಯರ ಕಣ್ಣಿಗೇ ಬಿಟ್ಟದ್ದು. ಕಾಡು ತಿರುಗಿ ಬಂದ ಮರುದಿನ ಹೊಸ ಗಂಟು ಕಂಡರೆ ಅದಕ್ಕೆ ಕಾಲುಗಳಿವೆಯೇ ಎಂದು ನೋಡಬೇಕು. ಕಚ್ಚಿ ಹಿಡಿದ ಉಣುಗು ಜೋಲುಗಂಟಿನಂತೆಯೇ ಕಾಣುವುದುಂಟು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುತ್ತದೆ, ಈ ಮೂರು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. ಬಣ್ಣ ಬದಲಿಸುವ, ಅಂಚು ಚದುರಿದ, ಬೇಗ ಬೆಳೆಯುವ ಕಪ್ಪು ಮಚ್ಚೆ ಇನ್ನೂ ಗಂಭೀರ: ಅದು ಕ್ಯಾನ್ಸರ್ ಆಗಿರಬಹುದು. ಅಂಥದನ್ನು ಶಾಖದಿಂದಾಗಲಿ ಶೀತದಿಂದಾಗಲಿ ನಾಶಮಾಡಬಾರದು, ಸುಟ್ಟ ತುಣುಕಿನಲ್ಲಿ ಸೂಕ್ಷ್ಮದರ್ಶಕಕ್ಕೆ ಓದಲು ಏನೂ ಉಳಿಯದು. ಅದನ್ನು ಅಲಗಿನಿಂದ ಇಡಿಯಾಗಿ ಕತ್ತರಿಸಿ, ಫಾರ್ಮಲಿನ್ ಸೀಸೆಯಲ್ಲಿ ಹಾಕಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ.