ಇಟ್ಟಿಗೆಯಾದ ರೌಟರಿಗೆ ಮರುಜೀವ

ಜಯನಗರದ ಮನೆಯೊಂದರಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬನು ರಾತ್ರಿಯ ಹೊತ್ತು ಮನೆಯ ರೌಟರಿನ ಹಳೆಯ ತಂತ್ರಾಂಶವನ್ನು ತೆಗೆದು ಹೊಸದನ್ನು ತುಂಬುತ್ತಿದ್ದಾನೆಂದು ಊಹಿಸಿಕೊಳ್ಳೋಣ. ಕೆಲಸವು ಮುಕ್ಕಾಲು ಪಾಲು ಮುಗಿದಿರುವಾಗ ಗುಡುಗು ಮಳೆ ಬಂದು ವಿದ್ಯುತ್ತು ನಿಂತುಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಬೀದಿಯ ದೀಪಗಳೆಲ್ಲ ಬೆಳಗುತ್ತವೆ. ರೌಟರು ಮಾತ್ರ ಏಳುವುದಿಲ್ಲ. ಬೆಳಗಾದರೆ ತಂಗಿಯು ಕಾಲೇಜಿನ ಪ್ರವೇಶಕ್ಕೆ ಅರ್ಜಿ ಕಳುಹಿಸಬೇಕು. ತಂದೆಗೆ ಕಚೇರಿಯ ಕೆಲಸವಿದೆ. ಹೀಗೆ ನಿಶ್ಚಲವಾದ ಯಂತ್ರವನ್ನು ‘ಇಟ್ಟಿಗೆಯಾಯಿತು’ ಎಂದು ಕರೆಯುವುದು ಈ ವಿದ್ಯೆಯವರ ರೂಢಿ. ಇಟ್ಟಿಗೆಯಂತೆಯೇ ಅದೂ ಬರಿಯ ಭಾರ!

ಆದರೆ ಆ ಯಂತ್ರವು ನಿಜವಾಗಿ ಸತ್ತಿದೆಯೆ? ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ಅದನ್ನು ಮತ್ತೆ ಎಬ್ಬಿಸುವ ದಾರಿ ಅದರೊಳಗೇ ಅಡಗಿರುತ್ತದೆ. ಆ ದಾರಿ ಯಾವುದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ರೌಟರೂ ಒಂದು ಗಣಕವೇ

ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಳಾಸ ನೋಡಿ ವಿಂಗಡಿಸುವಂತೆ, ಮನೆಗೆ ಬರುವ ಮತ್ತು ಮನೆಯಿಂದ ಹೋಗುವ ಮಾಹಿತಿಯ ಪೊಟ್ಟಣಗಳನ್ನು ವಿಂಗಡಿಸುವ ಸಾಧನವೇ ರೌಟರು. ಅದರೊಳಗೆ ಸಂಸ್ಕಾರಕವಿದೆ, ಸ್ಮೃತಿಯಿದೆ, ಇವೆರಡನ್ನೂ ನಡೆಸುವ ತಂತ್ರಾಂಶವಿದೆ. ಯಂತ್ರದೊಳಗೇ ನೆಲೆಸಿರುವ ಈ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು.

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿಯು ಡಬ್ಲ್ಯುಆರ್‌ಟಿ54ಜಿ ಎಂಬ ರೌಟರನ್ನು ಮಾರುಕಟ್ಟೆಗೆ ತಂದಿತು. ಅದರ ಫರ್ಮ್‌ವೇರಿನಲ್ಲಿ ಲಿನಕ್ಸ್ ಅಡಗಿರುವುದನ್ನು ಕುತೂಹಲಿಗಳು ಕಂಡುಹಿಡಿದರು. ಲಿನಕ್ಸಿನ ಪರವಾನಗಿಯ ಪ್ರಕಾರ, ಅದನ್ನು ಬಳಸಿ ಮಾರುವವರು ಅದರ ಮೂಲಲಿಪಿಯನ್ನೂ ಕೊಡಬೇಕು. ಒತ್ತಾಯ ಬಂದುದರಿಂದ 2003ರಲ್ಲಿ ಆ ಲಿಪಿಯು ಬಹಿರಂಗವಾಯಿತು. ಅದನ್ನು ಆಧಾರವಾಗಿಟ್ಟುಕೊಂಡು 2004ರಲ್ಲಿ ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಮುಕ್ತ ಫರ್ಮ್‌ವೇರ್ ಆರಂಭವಾಯಿತು. ತಯಾರಕರು ಕೈಬಿಟ್ಟ ಎಷ್ಟೋ ಹಳೆಯ ರೌಟರುಗಳಿಗೆ ಅದು ಇಂದಿಗೂ ಭದ್ರತೆಯ ತಿದ್ದುಪಡಿಗಳನ್ನು ಒದಗಿಸುತ್ತಿದೆ. ಕಸವಾಗಬೇಕಾಗಿದ್ದ ಪೆಟ್ಟಿಗೆಗೆ ಹೀಗೆ ಆಯುಷ್ಯ ಹೆಚ್ಚುತ್ತದೆ.

ಕಲಿಯುವವನಿಗೆ ಏಕಫಲಕ ಗಣಕ

ಅಂಗಡಿಯ ರೌಟರಿನಲ್ಲಿ ಫರ್ಮ್‌ವೇರನ್ನು ಹಿಡಿದಿಡುವ ಚಿಪ್ಪನ್ನು ಫಲಕಕ್ಕೆ ಬೆಸುಗೆ ಹಾಕಿರುತ್ತಾರೆ. ಅದರಲ್ಲಿ ತಪ್ಪು ಬರೆದರೆ ತಿದ್ದುವುದು ಕಷ್ಟ. ಆದುದರಿಂದ ಹೊಸದಾಗಿ ಕಲಿಯುವವರಿಗೆ ರಾಸ್ಪ್‌ಬೆರಿ ಪೈ ಮೊದಲಾದ ಏಕಫಲಕ ಗಣಕಗಳು ಮೇಲು. 2012ರಲ್ಲಿ ಬಂದ ಪೈ ಅಂಗೈಯಗಲದ ಒಂದೇ ಹಲಗೆಯ ಮೇಲೆ ಇಡೀ ಗಣಕವನ್ನು ಅಡಕಮಾಡಿತು. ಅದರ ತಂತ್ರಾಂಶವು ಉಗುರಿನಷ್ಟು ಚಿಕ್ಕದಾದ ಮೈಕ್ರೋ ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಕೆಟ್ಟರೆ ಕಾರ್ಡನ್ನು ಹೊರತೆಗೆದು ಬೇರೊಂದು ಗಣಕದಲ್ಲಿ ಮತ್ತೆ ಬರೆಯಬಹುದು. ನಮ್ಮ ವಿದ್ಯಾರ್ಥಿಯು ಪೈಯ ಮೇಲೆ ಈ ಪ್ರಯೋಗ ನಡೆಸಿದ್ದರೆ ಅವನ ಕಷ್ಟವು ಹತ್ತು ನಿಮಿಷಗಳಲ್ಲಿ ಕಳೆಯುತ್ತಿತ್ತು.

ಸ್ಥಾಪನೆಯ ಕ್ರಮ ಸರಳವಾದುದು. ಮೊದಲು ನಮ್ಮ ಫಲಕದ ಮಾದರಿಗೇ ಹೊಂದುವ ಪ್ರತಿಮೆಯನ್ನು, ಅಂದರೆ ತಂತ್ರಾಂಶದ ಪೂರ್ಣ ನಕಲನ್ನು, ಇಳಿಸಿಕೊಳ್ಳಬೇಕು. ಪೈ 3ರ ಪ್ರತಿಮೆ ಪೈ 4ಕ್ಕೆ ಸಲ್ಲದು. ಬಳಿಕ ಅದರ ‘ಶಾ-256’ ಮುದ್ರೆಯನ್ನು ಪರೀಕ್ಷಿಸಬೇಕು. ಇದು 64 ಅಕ್ಷರಗಳ ಬೆರಳಚ್ಚು. ಕಡತದಲ್ಲಿ ಒಂದು ಬಿಟ್ ವ್ಯತ್ಯಾಸವಾದರೂ ಮುದ್ರೆ ಪೂರ್ತಿಯಾಗಿ ಬೇರೆಯಾಗುತ್ತದೆ. ಮುದ್ರೆ ಹೊಂದಿದ ಮೇಲೆ ಪ್ರತಿಮೆಯನ್ನು ಕಾರ್ಡಿಗೆ ಬರೆದು, ಕಾರ್ಡನ್ನು ಪೈಗೆ ಸೇರಿಸಿ, ಈಥರ್ನೆಟ್ ತಂತಿಯಿಂದ ಗಣಕಕ್ಕೆ ಜೋಡಿಸಿ, 192.168.1.1 ಎಂಬ ವಿಳಾಸವನ್ನು ತೆರೆಯಬೇಕು. ಮೊದಲು ಮಾಡಬೇಕಾದ ಕೆಲಸವೆಂದರೆ ಗುಪ್ತಪದವನ್ನಿಡುವುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮನೆಯ ಹಳೆಯ ರೌಟರಿಗೂ ಇದೇ ವಿಳಾಸವಿದ್ದರೆ, ಎರಡನ್ನೂ ಒಂದೇ ಜಾಲಕ್ಕೆ ಸೇರಿಸಿದಾಗ ಗೊಂದಲವಾಗುತ್ತದೆ. ಒಂದೇ ಬೀದಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಿದ್ದಂತೆ. ಎರಡನೆಯದು ವಿದ್ಯುತ್ತಿಗೆ ಸಂಬಂಧಿಸಿದುದು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಕೊಡುವ ಪೂರೈಕೆ ಬೇಕು. ದೂರವಾಣಿಯ ಹಳೆಯ ಚಾರ್ಜರಿಗೆ ಜೋಡಿಸಿದರೆ ವೋಲ್ಟೇಜು ಕುಸಿದು, ಬರೆಯುವ ಮಧ್ಯದಲ್ಲಿ ಕಾರ್ಡು ಕೆಡಬಹುದು. ಇಂಥ ದೋಷವನ್ನು ತಂತ್ರಾಂಶದ ತಪ್ಪೆಂದು ಭ್ರಮಿಸಿ ಗಂಟೆಗಟ್ಟಲೆ ಕಳೆಯುವವರುಂಟು.

ಮುದ್ರಿತ ಪುಟ, ಪಾರದರ್ಶಕ ಹಾಳೆ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಕಾರ್ಡನ್ನು ಮತ್ತೆ ಬರೆಯದೆಯೇ ಯಂತ್ರವನ್ನು ಎಬ್ಬಿಸಬಹುದೆ?

ಪಠ್ಯಪುಸ್ತಕದ ಪುಟದ ಮೇಲೆ ಪಾರದರ್ಶಕ ಹಾಳೆಯೊಂದನ್ನು ಹರಡಿ, ಟಿಪ್ಪಣಿಗಳನ್ನು ಆ ಹಾಳೆಯ ಮೇಲೆಯೇ ಬರೆಯುತ್ತೇವೆನ್ನೋಣ. ಓದುವಾಗ ಪುಟವೂ ಟಿಪ್ಪಣಿಯೂ ಒಂದಾಗಿ ಕಾಣುತ್ತವೆ. ಟಿಪ್ಪಣಿ ತಪ್ಪಾದರೆ ಹಾಳೆಯನ್ನು ಎತ್ತಿಬಿಟ್ಟರಾಯಿತು. ಪುಸ್ತಕಕ್ಕೆ ಕಲೆ ತಾಗಿರುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯ ರಚನೆಯೂ ಹೀಗೆಯೇ. ಮೂಲ ತಂತ್ರಾಂಶವು ‘ಸ್ಕ್ವಾಶ್‌ಎಫ್‌ಎಸ್’ ಎಂಬ, ಓದಲು ಮಾತ್ರ ಬರುವ ಭಾಗದಲ್ಲಿರುತ್ತದೆ. ನಾವು ಮಾಡುವ ಬದಲಾವಣೆಗಳೆಲ್ಲ ಅದರ ಮೇಲಿನ ‘ಓವರ್‌ಲೇ’ ಎಂಬ ಪದರದಲ್ಲಿ ಸೇರುತ್ತವೆ.

ಜಾಲದ ವಿಳಾಸವನ್ನು ತಪ್ಪಾಗಿ ಬರೆದು ರೌಟರಿನೊಳಕ್ಕೆ ಹೋಗುವ ಬಾಗಿಲನ್ನು ನಾವೇ ಮುಚ್ಚಿಕೊಂಡೆವೆನ್ನಿ. ಆಗ ‘ಫೇಲ್‌ಸೇಫ್’ ಎಂಬ ಸ್ಥಿತಿಯು ಸಹಾಯಕ್ಕೆ ಬರುತ್ತದೆ. ಯಂತ್ರವು ಏಳುವಾಗ ತಕ್ಕ ಕ್ಷಣದಲ್ಲಿ ಗುಂಡಿಯನ್ನೋ ಕೀಲಿಯನ್ನೋ ಒತ್ತಿದರೆ, ಮೇಲಿನ ಪದರವನ್ನು ಬಿಟ್ಟು ಮೂಲ ಭಾಗದಿಂದ ಮಾತ್ರ ಅದು ನಡೆಯುತ್ತದೆ. ಈ ಸ್ಥಿತಿಯಲ್ಲಿ ರೌಟರು ಯಾರಿಗೂ ವಿಳಾಸಗಳನ್ನು ಹಂಚುವುದಿಲ್ಲ. ಆದುದರಿಂದ ನಮ್ಮ ಗಣಕಕ್ಕೆ 192.168.1.2 ಎಂಬ ವಿಳಾಸವನ್ನು ನಾವೇ ಕೊಟ್ಟು ಒಳಹೊಕ್ಕು, ತಪ್ಪನ್ನು ತಿದ್ದಬೇಕು. ಇಲ್ಲವೆ ‘ಫಸ್ಟ್‌ಬೂಟ್’ ಎಂಬ ಆಜ್ಞೆಯಿಂದ ಮೇಲಿನ ಪದರವನ್ನು ಒರೆಸಿಬಿಡಬೇಕು. ಪೈಗಾಗಿ ‘ಎಕ್ಸ್ಟ್4’ ಎಂಬ ಇನ್ನೊಂದು ಬಗೆಯ ಪ್ರತಿಮೆಯೂ ದೊರೆಯುತ್ತದೆ. ಅದರಲ್ಲಿ ಈ ಎರಡು ಪದರಗಳಿಲ್ಲ. ನೇರವಾಗಿ ಪುಸ್ತಕದ ಮೇಲೆಯೇ ಬರೆದಂತೆ. ಆದಕಾರಣ ಹೊಸಬರು ಸ್ಕ್ವಾಶ್‌ಎಫ್‌ಎಸ್ ಪ್ರತಿಮೆಯನ್ನೇ ಆರಿಸುವುದು ಲೇಸು.

ಯಂತ್ರವು ಎಲ್ಲಿ ಎಡವುತ್ತಿದೆಯೆಂದು ತಿಳಿಯದಾದಾಗ ಮೂರು ತಂತಿಗಳು ನೆರವಾಗುತ್ತವೆ. ಪೈಯ 6, 8 ಮತ್ತು 10ನೆಯ ಪಿನ್ನುಗಳು ಕ್ರಮವಾಗಿ ನೆಲ, ಕಳುಹಿಸುವ ತಂತಿ ಮತ್ತು ಪಡೆಯುವ ತಂತಿಗೆ ಸಂಬಂಧಿಸಿದವು. ಯುಎಸ್‌ಬಿ ಸೀರಿಯಲ್ ಜೋಡಕದೊಂದಿಗೆ ಇವನ್ನು ಸೇರಿಸುವಾಗ ಒಂದರ ಬಾಯಿ ಇನ್ನೊಂದರ ಕಿವಿಗೆ ಎದುರಾಗಿರಬೇಕು. ಸೆಕೆಂಡಿಗೆ 115200 ಬಿಟ್‌ಗಳ ವೇಗವನ್ನಿಟ್ಟರೆ, ಯಂತ್ರವು ಏಳುವಾಗ ಆಡುವ ಪ್ರತಿಯೊಂದು ಮಾತೂ ತೆರೆಯ ಮೇಲೆ ಮೂಡುತ್ತದೆ. ಜೋಡಕವು 3.3 ವೋಲ್ಟಿನದಾಗಿರಲಿ, 5 ವೋಲ್ಟ್ ಹರಿದರೆ ಫಲಕಕ್ಕೆ ನಿಜವಾದ ಮರಣವೇ ಗತಿ.

ಇನ್ನು ಬೆಸುಗೆ ಹಾಕಿದ ಚಿಪ್ಪಿನ ರೌಟರಿಗೂ ಆಸೆಯಿದೆ. ಅದರ ಸ್ಮೃತಿಯ ಮೊದಲ ಭಾಗದಲ್ಲಿ ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶವಿರುತ್ತದೆ. ಸಾಮಾನ್ಯ ಬದಲಾವಣೆಯಲ್ಲಿ ಇದನ್ನು ಯಾರೂ ಮುಟ್ಟುವುದಿಲ್ಲ. ಜಯನಗರದ ವಿದ್ಯಾರ್ಥಿಯ ರೌಟರಿನಲ್ಲೂ ಹಾಳಾದುದು ಉಳಿದ ಭಾಗ ಮಾತ್ರ. ಅನೇಕ ಮಾದರಿಗಳಲ್ಲಿ, ಬೂಟ್‌ಲೋಡರು ಏಳುವ ಕೆಲವು ಸೆಕೆಂಡುಗಳಲ್ಲಿ ಟಿಎಫ್‌ಟಿಪಿ ಎಂಬ ವಿಧಾನದಿಂದ ಹೊಸ ಪ್ರತಿಮೆಯನ್ನು ಸ್ವೀಕರಿಸುತ್ತದೆ. 2024ರ ನವೆಂಬರಿನಲ್ಲಿ ಹೊರಬಂದ ‘ಓಪನ್‌ಡಬ್ಲ್ಯುಆರ್‌ಟಿ ಒನ್’ ಎಂಬ ರೌಟರಿನಲ್ಲಿ ಎರಡು ಪ್ರತ್ಯೇಕ ಚಿಪ್ಪುಗಳನ್ನೇ ಇಟ್ಟಿದ್ದಾರೆ. ಒಂದು ದಿನನಿತ್ಯದ ಬಳಕೆಗೆ, ಇನ್ನೊಂದು ಆಪತ್ತಿಗೆ. ಚಿಕ್ಕ ಸ್ವಿಚ್ಚನ್ನು ಸರಿಸಿದರೆ ಆಪತ್ಕಾಲದ ಚಿಪ್ಪಿನಿಂದ ಯಂತ್ರವು ಏಳುತ್ತದೆ.

ಬೆಟ್ಟದ ಮೇಲಿನ ರೌಟರು

ಬನಶಂಕರಿಯಲ್ಲೋ ಬಿಟಿಎಂ ಬಡಾವಣೆಯಲ್ಲೋ ಒಂದು ರೌಟರು ಕೆಟ್ಟರೆ ಮೇಜಿನ ಮೇಲಿಟ್ಟು ಸರಿಪಡಿಸಬಹುದು. ಅದೇ ರೌಟರು ಬೆಟ್ಟದ ಮೇಲಿನ ಕಂಬದಲ್ಲಿದ್ದರೆ? ಬೆಂಗಳೂರಿನ ಜನಸ್ತು ಎಂಬ ಸಂಸ್ಥೆಯು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ, ಊರವರೇ ನಡೆಸಬಹುದಾದ ನಿಸ್ತಂತು ಜಾಲದ ಪ್ರಯೋಗಗಳನ್ನು ಮಾಡಿದೆ. ಇಂತಹ ಜಾಲಗಳಲ್ಲಿ ಒಂದು ರೌಟರು ಇನ್ನೊಂದಕ್ಕೆ ಮಾಹಿತಿಯನ್ನು ದಾಟಿಸುತ್ತದೆ. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯ ನಿರ್ಬಂಧದಿಂದ ಬಿಡಿಸಿದುದು ಇದಕ್ಕೆ ಅನುಕೂಲವಾಯಿತು. ಜಗತ್ತಿನ ಹಲವೆಡೆ ಇಂತಹ ಜಾಲಗಳಿಗೆ ಬಳಸುವ ‘ಲಿಬ್ರೆಮೆಶ್’ ಕೂಡ ಓಪನ್‌ಡಬ್ಲ್ಯುಆರ್‌ಟಿಯ ತಳಹದಿಯ ಮೇಲೆ ನಿಂತಿದೆ. ಎತ್ತರದಲ್ಲಿರುವ ಒಂದು ರೌಟರು ಇಟ್ಟಿಗೆಯಾದರೆ, ಅದರ ಆಚೆಯ ಹಳ್ಳಿಯೇ ಮೌನವಾಗಬಹುದು. ಬೆಟ್ಟ ಹತ್ತಿದಲ್ಲದೆ ಪರಿಹಾರವಿಲ್ಲ. ಆದುದರಿಂದ ಅಲ್ಲಿಗೆ ಕೊಂಡೊಯ್ಯುವ ಮೊದಲು, ಮೇಜಿನ ಮೇಲೆ ಬೇಕೆಂದೇ ಕೆಡಿಸಿ, ಮತ್ತೆ ಎಬ್ಬಿಸಿ ನೋಡುವುದು ವಿವೇಕ.

ವಿದ್ಯಾರ್ಥಿಗಳು ಗಮನಿಸಬೇಕಾದುದು ಇದೇ. ನಮ್ಮ ಹಿರಿಯರು ಬಾವಿಗೆ ಇಳಿಯುವ ಮುನ್ನ ಹಗ್ಗವನ್ನು ಭದ್ರವಾದ ಕಂಬಕ್ಕೆ ಕಟ್ಟುತ್ತಿದ್ದರು. ಕೆಲಸಕ್ಕೆ ಕೈಹಾಕುವ ಮೊದಲೇ ಹಳೆಯ ಸಂಯೋಜನೆಯ ನಕಲನ್ನು ತೆಗೆದಿಡಿ. ಇನ್ನೊಂದು ಕಾರ್ಡನ್ನು ಬರೆದು ಸಿದ್ಧವಾಗಿಡಿ. ಬೇಕಾಗುವ ಕಡತಗಳನ್ನು ಇಳಿಸಿಕೊಳ್ಳಿ, ಏಕೆಂದರೆ ರೌಟರು ಕೆಟ್ಟಾಗ ಇಳಿಸಿಕೊಳ್ಳುವ ದಾರಿಯೂ ಕೆಟ್ಟಿರುತ್ತದೆ. ಹೊಸದು ವಾರದ ಕಾಲ ಸರಿಯಾಗಿ ನಡೆಯುವವರೆಗೆ ಹಳೆಯ ರೌಟರನ್ನು ಕಪಾಟಿನಲ್ಲಿಡಿ. ಹಗ್ಗ ಕಟ್ಟಿಕೊಂಡವನಿಗೆ ಬಾವಿಯ ಆಳವನ್ನು ನೋಡುವ ಧೈರ್ಯ ತಾನಾಗಿ ಬರುತ್ತದೆ.