ಟವರ್ ಸ್ಪೀಕರಿಗೆ ತಕ್ಕ ಆಂಪ್ಲಿಫೈಯರ್: ವ್ಯಾಟಿನ ಅಂಕಿಯ ಹಿಂದಿನ ಲೆಕ್ಕ

ಹೊಸ ಮನೆಯ ಹಜಾರಕ್ಕೆಂದು ಒಂದು ಜೊತೆ ಟವರ್ ಸ್ಪೀಕರ್ ಕೊಂಡ ಗ್ರಾಹಕರು ಅಂಗಡಿಯಲ್ಲಿ ಕೇಳುವ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದಕ್ಕೆ ಎಷ್ಟು ವ್ಯಾಟಿನ ಆಂಪ್ಲಿಫೈಯರ್ ಬೇಕು?” ದೊರೆಯುವ ಉತ್ತರವೂ ಬಹುತೇಕ ಒಂದೇ. ಸ್ಪೀಕರಿನ ಹಿಂಬದಿಯಲ್ಲಿ 150 ವ್ಯಾಟ್ ಎಂದು ಬರೆದಿದ್ದರೆ 150 ವ್ಯಾಟಿನ ಆಂಪ್ಲಿಫೈಯರನ್ನು ತೋರಿಸಲಾಗುತ್ತದೆ. ಅಂಕಿಗೆ ಅಂಕಿ ಹೊಂದಿದೆಯೆಂದು ಇಬ್ಬರಿಗೂ ಸಮಾಧಾನವಾಗುತ್ತದೆ.

ಆದರೆ ಈ ಎರಡು ಅಂಕಿಗಳು ಒಂದೇ ವಿಷಯವನ್ನು ಹೇಳುವುದಿಲ್ಲ. ಸ್ಪೀಕರಿನ ಮೇಲಿರುವ ವ್ಯಾಟು, ಸೇತುವೆಯ ಮುಂದಿನ ಫಲಕದಲ್ಲಿ ಬರೆದ ಭಾರದ ಮಿತಿಯಂತೆ, ಅದು ಎಷ್ಟನ್ನು ತಾಳಬಲ್ಲದು ಎಂಬುದರ ಸೂಚನೆ ಮಾತ್ರ. ಎಷ್ಟು ಬೇಕು ಎಂಬುದನ್ನು ಬೇರೆ ಲೆಕ್ಕದಿಂದ ತಿಳಿಯಬೇಕು. ಆ ಲೆಕ್ಕ ತಪ್ಪಿದರೆ ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತಾಗುತ್ತದೆ. ಆಂಪ್ಲಿಫೈಯರ್ ಬಿಸಿಯಾಗಿ ನಡುವೆ ನಿಲ್ಲುತ್ತದೆ, ಇಲ್ಲವೇ ಟ್ವೀಟರ್ ಸುಟ್ಟುಹೋಗುತ್ತದೆ. ಬಳಿಕ ವಾರಂಟಿಯ ತಕರಾರು ಬರುವುದು ವರ್ತಕರ ಬಾಗಿಲಿಗೇ.

ಟವರ್ ಸ್ಪೀಕರಿನ ಸ್ವಭಾವ

ಕಪಾಟಿನ ಮೇಲಿಡುವ ಸಣ್ಣ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಒಂದು ವೂಫರ್ ಇರುತ್ತದೆ. ನೆಲದ ಮೇಲೆ ನಿಲ್ಲುವ ಟವರಿನಲ್ಲಿ ಎರಡು ಅಥವಾ ಮೂರು ವೂಫರುಗಳನ್ನು ಪ್ಯಾರಲಲ್ ಆಗಿ ಜೋಡಿಸಿರುವುದು ರೂಢಿ. 8 ಓಮಿನ ಎರಡು ವೂಫರುಗಳು ಹೀಗೆ ಸೇರಿದಾಗ ಆಂಪ್ಲಿಫೈಯರಿಗೆ ಕಾಣುವುದು 4 ಓಮ್. ತಡೆ ಅರ್ಧಕ್ಕಿಳಿದರೆ ಎಳೆಯುವ ಕರೆಂಟು ಇಮ್ಮಡಿಯಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಸ್ಪೀಕರಿನ ಇಂಪೀಡೆನ್ಸ್ ಸ್ಥಿರವಾದ ಅಂಕಿಯಲ್ಲ. ಸ್ವರದ ಆವರ್ತನ ಬದಲಾದಂತೆ ಅದು ಏರಿಳಿಯುತ್ತದೆ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60268-5ರ ಪ್ರಕಾರ ಕನಿಷ್ಠ ಇಂಪೀಡೆನ್ಸ್, ಘೋಷಿತ ಅಂಕಿಯ ಶೇಕಡಾ 80ಕ್ಕಿಂತ ಕೆಳಗಿಳಿಯಬಾರದು. ಅಂದರೆ 4 ಓಮ್ ಎಂದು ಘೋಷಿಸಿದ ಸ್ಪೀಕರ್ ನಿಯಮಬದ್ಧವಾಗಿಯೇ 3.2 ಓಮಿಗೆ ಇಳಿಯಬಹುದು. ಆದ್ದರಿಂದ ಘೋಷಿತ ಇಂಪೀಡೆನ್ಸಿನ ಜೊತೆಗೆ ಕನಿಷ್ಠ ಇಂಪೀಡೆನ್ಸನ್ನೂ ಕೈಪಿಡಿಯಲ್ಲಿ ಹುಡುಕಿ ಓದುವುದು ಅಗತ್ಯ.

ಸೆನ್ಸಿಟಿವಿಟಿಯ ಮರೆ

ಸ್ಪೀಕರಿಗೆ ನಿರ್ದಿಷ್ಟ ವೋಲ್ಟೇಜ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಹೊರಡುತ್ತದೆ ಎಂಬುದೇ ಸೆನ್ಸಿಟಿವಿಟಿ. ಈಗ ಇದನ್ನು ಬಹುಮಟ್ಟಿಗೆ 2.83 ವೋಲ್ಟಿಗೆ ಅಳೆದು ಮುದ್ರಿಸುತ್ತಾರೆ. 8 ಓಮಿನಲ್ಲಿ 2.83 ವೋಲ್ಟ್ ಎಂದರೆ ಸರಿಯಾಗಿ 1 ವ್ಯಾಟ್. 4 ಓಮಿನಲ್ಲಿ ಅದೇ ವೋಲ್ಟೇಜ್ 2 ವ್ಯಾಟ್ ಆಗುತ್ತದೆ. ಹಾಗಾಗಿ 90 ಡೆಸಿಬೆಲ್ ಎಂದು ಮುದ್ರಿತವಾದ 4 ಓಮಿನ ಟವರ್, ಒಂದು ವ್ಯಾಟಿಗೆ ನಿಜವಾಗಿ ಕೊಡುವುದು 87 ಡೆಸಿಬೆಲ್ ಮಾತ್ರ. ಇದು ಸುಳ್ಳಲ್ಲ, ಆದರೆ ಎರಡು ಸ್ಪೀಕರುಗಳನ್ನು ಹೋಲಿಸುವಾಗ ಈ 3 ಡೆಸಿಬೆಲ್ ವ್ಯತ್ಯಾಸವನ್ನು ಕಳೆದುಕೊಂಡೇ ನೋಡಬೇಕು.

ಡೆಸಿಬೆಲ್ ಲೆಕ್ಕದಲ್ಲಿ ನೆನಪಿಡಬೇಕಾದ ಸೂತ್ರಗಳು ಎರಡೇ. 3 ಡೆಸಿಬೆಲ್ ಹೆಚ್ಚಿಸಲು ವ್ಯಾಟು ಇಮ್ಮಡಿಯಾಗಬೇಕು. ಕಿವಿಗೆ ಶಬ್ದ ಸುಮಾರು ಎರಡು ಪಟ್ಟಾಯಿತೆನ್ನಿಸಲು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟು ಬೇಕು. 50 ವ್ಯಾಟಿನ ಬದಲು 100 ವ್ಯಾಟಿನ ಆಂಪ್ಲಿಫೈಯರ್ ಕೊಂಡ ಗ್ರಾಹಕರಿಗೆ ದೊರೆಯುವ ಲಾಭ 3 ಡೆಸಿಬೆಲ್. ಬೆಲೆಯ ಅಂತರ ಎಷ್ಟೇ ಇರಲಿ, ಕಿವಿಗೆ ಆಗುವ ಅಂತರ ಅಷ್ಟೇ.

ಹಜಾರದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳಬಹುದು. ಕೇಳುಗರು ಸ್ಪೀಕರಿನಿಂದ 3 ಮೀಟರ್ ದೂರದಲ್ಲಿ ಕುಳಿತಿದ್ದಾರೆ. ಬಯಲಿನಲ್ಲಾದರೆ ಇಷ್ಟು ದೂರಕ್ಕೆ ಸುಮಾರು 9.5 ಡೆಸಿಬೆಲ್ ಕುಗ್ಗುತ್ತದೆ. ಮನೆಯೊಳಗೆ ಗೋಡೆಗಳ ಪ್ರತಿಫಲನವೂ ಎರಡನೆಯ ಸ್ಪೀಕರೂ ಸ್ವಲ್ಪ ಭಾಗವನ್ನು ತುಂಬಿಕೊಡುವುದರಿಂದ ನಿವ್ವಳ ನಷ್ಟವನ್ನು ಸುಮಾರು 5 ಡೆಸಿಬೆಲ್ ಎಂದು ಹಿಡಿಯೋಣ. ಒಂದು ವ್ಯಾಟಿಗೆ 87 ಡೆಸಿಬೆಲ್ ಕೊಡುವ ಸ್ಪೀಕರುಗಳು ಆಗ ಕೇಳುಗರ ಕಿವಿಗೆ 82 ಡೆಸಿಬೆಲ್ ತಲುಪಿಸುತ್ತವೆ.

ಸರಾಸರಿ 80 ಡೆಸಿಬೆಲ್ ಎಂದರೆ ಮನೆಯಲ್ಲಿ ಸಾಕಷ್ಟು ಗಟ್ಟಿಯಾದ ಸಂಗೀತವೇ. ಇದಕ್ಕೆ ಒಂದು ವ್ಯಾಟೂ ಪೂರ್ತಿ ಬೇಡ. ಆದರೆ ಅದೇ ಕಛೇರಿಯಲ್ಲಿ ತವಿಲಿನ ಒಂದು ಪೆಟ್ಟು ಕ್ಷಣಮಾತ್ರ 100 ಡೆಸಿಬೆಲ್ ಮುಟ್ಟಿದರೆ 18 ಡೆಸಿಬೆಲ್ ಹೆಚ್ಚು ಬೇಕಾಗುತ್ತದೆ, ಅಂದರೆ ಸುಮಾರು 63 ವ್ಯಾಟ್. ಸ್ಪೀಕರ್ 90 ಡೆಸಿಬೆಲಿನದಾಗಿದ್ದರೆ ಇದೇ ಪೆಟ್ಟಿಗೆ 32 ವ್ಯಾಟ್ ಸಾಕು. 84 ಡೆಸಿಬೆಲಿನದಾಗಿದ್ದರೆ ಸುಮಾರು 126 ವ್ಯಾಟ್ ಬೇಕು. ಒಂದೇ ಹಜಾರ, ಒಂದೇ ಸಂಗೀತ. ಸ್ಪೀಕರ್ ಬದಲಾದ ಮಾತ್ರಕ್ಕೆ ಅಗತ್ಯ ನಾಲ್ಕು ಪಟ್ಟು ಬದಲಾಯಿತು.

ಈ ಕ್ಷಣದ ಪೆಟ್ಟನ್ನು ಕೊಡಲಾರದ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಸುತ್ತದೆ. ವಹಿವಾಟಿನಲ್ಲಿ ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಪೂರ್ತಿ ಕತ್ತರಿಸಿ ಚೌಕವಾದ ಅಲೆಯಲ್ಲಿ, ಅದೇ ಎತ್ತರದ ಶುದ್ಧ ಅಲೆಯ ಎರಡು ಪಟ್ಟು ಶಕ್ತಿ ಇರುತ್ತದೆ. ಅದರ ಗಣನೀಯ ಪಾಲು ಮೇಲಿನ ಆವರ್ತನಗಳಿಗೆ ಸರಿದು, ಕೆಲವೇ ವ್ಯಾಟ್ ತಾಳಬಲ್ಲ ಟ್ವೀಟರಿನ ಮೇಲೆ ಬೀಳುತ್ತದೆ. 150 ವ್ಯಾಟಿನ ಸ್ಪೀಕರ್ 40 ವ್ಯಾಟಿನ ಆಂಪ್ಲಿಫೈಯರಿನಿಂದ ಸುಟ್ಟಿತೆಂದರೆ ಗ್ರಾಹಕರು ನಂಬುವುದಿಲ್ಲ. ಆದರೆ ದುರಸ್ತಿಗಾರರ ಮೇಜಿಗೆ ಅಂಥ ಸ್ಪೀಕರುಗಳು ಬರುತ್ತಲೇ ಇರುತ್ತವೆ.

ವ್ಯಾಟಿಗಿಂತ ಕರೆಂಟು

8 ಓಮಿನಲ್ಲಿ 50 ವ್ಯಾಟ್ ಕೊಡಲು ಆಂಪ್ಲಿಫೈಯರ್ 20 ವೋಲ್ಟ್ ಹೊರಡಿಸಬೇಕು, ಕರೆಂಟು 2.5 ಆಂಪಿಯರ್. ಅದೇ 20 ವೋಲ್ಟಿಗೆ 4 ಓಮ್ 5 ಆಂಪಿಯರನ್ನೂ 3.2 ಓಮ್ 6.25 ಆಂಪಿಯರನ್ನೂ ಎಳೆಯುತ್ತದೆ; ಅಲೆಯ ತುದಿಯಲ್ಲಿ ಇದು 9 ಆಂಪಿಯರಿಗೆ ಸಮೀಪಿಸುತ್ತದೆ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಹೀಟ್ ಸಿಂಕುಗಳಲ್ಲಿ ಉಳಿತಾಯ ಮಾಡಿದ ಆಂಪ್ಲಿಫೈಯರ್ ಸೋಲುವುದು ಇಲ್ಲಿ.

ಆದುದರಿಂದ ಕೈಪಿಡಿಯಲ್ಲಿ 8 ಓಮಿನ ವ್ಯಾಟಿನ ಪಕ್ಕದಲ್ಲಿಯೇ 4 ಓಮಿನ ವ್ಯಾಟನ್ನೂ ನೋಡಬೇಕು. ಆದರ್ಶ ಆಂಪ್ಲಿಫೈಯರಿನಲ್ಲಿ ಅದು ಇಮ್ಮಡಿಯಾಗುತ್ತದೆ. ಒಂದೂವರೆ ಪಟ್ಟಾದರೂ ಏರಿದ್ದರೆ ವಿದ್ಯುತ್ ಪೂರೈಕೆಯ ಭಾಗ ಗಟ್ಟಿಯಾಗಿದೆ ಎಂದು ತಿಳಿಯಬಹುದು. 4 ಓಮಿನ ಉಲ್ಲೇಖವೇ ಇಲ್ಲದಿದ್ದರೆ ಅಥವಾ ಹಿಂಬದಿಯಲ್ಲಿ 8 ಓಮಿಗಿಂತ ಕಡಿಮೆ ಜೋಡಿಸಬಾರದೆಂದು ಬರೆದಿದ್ದರೆ, ಅಂಥ ಆಂಪ್ಲಿಫೈಯರನ್ನು ಟವರಿಗೆ ಮಾರುವುದು ಉಚಿತವಲ್ಲ. ಹಿಂದೆ ತೂಕ ನೋಡಿ ಇದನ್ನು ಅಂದಾಜು ಮಾಡುತ್ತಿದ್ದರು. ಕ್ಲಾಸ್ ಡಿ ಮತ್ತು ಸ್ವಿಚಿಂಗ್ ಪೂರೈಕೆಯ ಹಗುರ ಆಂಪ್ಲಿಫೈಯರುಗಳು ಬಂದ ಮೇಲೆ ಆ ಅಂದಾಜಿಗೆ ಬೆಲೆ ಉಳಿದಿಲ್ಲ.

ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಇನ್ನೊಂದು ಕಳೆತವೂ ಇದೆ. ಸಾಧಾರಣ ಟ್ರಾನ್ಸ್‌ಫಾರ್ಮರ್ ಪೂರೈಕೆಯ ಆಂಪ್ಲಿಫೈಯರಿಗೆ 230ರ ಬದಲು 207 ವೋಲ್ಟ್ ಬಂದರೆ ಅದರ ಗರಿಷ್ಠ ಶಕ್ತಿ ಸುಮಾರು ಶೇಕಡಾ 19ರಷ್ಟು ಇಳಿಯುತ್ತದೆ. 50 ವ್ಯಾಟ್ 40 ಆಗುತ್ತದೆ.

ಪೆಟ್ಟಿಗೆಯ ಮೇಲಿನ ಅಂಕಿ

1990ರ ದಶಕದಲ್ಲಿ ಮತ್ತು ಆನಂತರವೂ ನಮ್ಮ ಮಾರುಕಟ್ಟೆಯಲ್ಲಿ ಪಿಎಂಪಿಒ ಎಂಬ ನಾಲ್ಕಕ್ಷರ ಮೆರೆದದ್ದು ವರ್ತಕರಿಗೆ ನೆನಪಿದೆ. ಅಂಗೈಯಗಲದ ಸ್ಪೀಕರಿನ ಪೆಟ್ಟಿಗೆಯ ಮೇಲೂ ಸಾವಿರಗಟ್ಟಲೆ ವ್ಯಾಟ್ ಮುದ್ರಿತವಾಗುತ್ತಿತ್ತು. ಆ ಅಂಕಿಗೆ ಒಪ್ಪಿತವಾದ ಯಾವ ಅಳತೆಯ ಕ್ರಮವೂ ಇರಲಿಲ್ಲ. ಅಮೆರಿಕದಲ್ಲಿ ಇಂಥದೇ ಉತ್ಪ್ರೇಕ್ಷೆ ಮಿತಿಮೀರಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ನಿಯಮ ತಂದಿತು. 2024ರ ತಿದ್ದುಪಡಿಯು ಅಳತೆಯ ಷರತ್ತುಗಳನ್ನು ಇನ್ನಷ್ಟು ಬಿಗಿಗೊಳಿಸಿತು: 8 ಓಮಿನ ಭಾರ, 20ರಿಂದ 20,000 ಹರ್ಟ್ಸ್ ವ್ಯಾಪ್ತಿ, ಶೇಕಡಾ 1ಕ್ಕಿಂತ ಕಡಿಮೆ ವಿರೂಪ.

ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ಈ ವಿಷಯದಲ್ಲಿ ಗಮನಾರ್ಹ. ಅದರ ವ್ಯಾಖ್ಯೆಯಂತೆ ಜಾಹೀರಾತಿನಲ್ಲಿ ಲೇಬಲ್, ಹೊದಿಕೆ ಮತ್ತು ಇನ್ವಾಯ್ಸ್ ಕೂಡ ಸೇರುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ತಯಾರಕರ ಭರವಸೆಗೆ ಹೊರತಾಗಿ ಮಾರಾಟಗಾರರೇ ಸ್ಪಷ್ಟ ಭರವಸೆ ಕೊಟ್ಟು, ಅದು ಹುಸಿಯಾಗಿ ಹಾನಿಯಾದರೆ ಹೊಣೆ ಅವರ ಮೇಲೂ ಬರಬಹುದು. ಮಾರಾಟದ ಭರದಲ್ಲಿ ಆಡುವ ಮಾತಿಗೂ ಬೆಲೆಯುಂಟು.

ಸಣ್ಣ ಅಂಕಿಯ ದೊಡ್ಡ ಯಶಸ್ಸು

ಪ್ರಾಮಾಣಿಕ ಅಂಕಿ ಮುದ್ರಿಸಿದರೆ ಮಾಲು ಹೋಗುವುದಿಲ್ಲವೆಂಬ ಅಂಜಿಕೆಗೆ ಉತ್ತರವಾಗಿ ಒಂದು ನಿದರ್ಶನವಿದೆ. ಲಂಡನ್ನಿನಲ್ಲಿ 1972ರಲ್ಲಿ ಆರಂಭವಾದ ನ್ಯಾಡ್ ಸಂಸ್ಥೆ 1978ರಲ್ಲಿ 3020 ಎಂಬ ಆಂಪ್ಲಿಫೈಯರನ್ನು ಹೊರತಂದಿತು. ನಾರ್ವೆಯ ಎಂಜಿನಿಯರ್ ಎರಿಕ್ ಎಡ್ವರ್ಡ್‌ಸೆನ್ ವಿನ್ಯಾಸಗೊಳಿಸಿದ, ತೈವಾನಿನಲ್ಲಿ ತಯಾರಾದ ಇದರ ಘೋಷಿತ ಶಕ್ತಿ ಒಂದು ಬದಿಗೆ ಕೇವಲ 20 ವ್ಯಾಟ್. ಹೊರಮೈ ಬೂದುಬಣ್ಣದ ಸಾದಾ ಪೆಟ್ಟಿಗೆ. ಆದರೆ ಕ್ಷಣಿಕ ಪೆಟ್ಟುಗಳಿಗೆ ಘೋಷಿತ ಅಂಕಿಗಿಂತ ಹೆಚ್ಚು ಕೊಡುವಂತೆ, ಕಡಿಮೆ ಓಮಿನ ಕಠಿಣ ಸ್ಪೀಕರುಗಳನ್ನೂ ನಡೆಸುವಂತೆ ಅದನ್ನು ರೂಪಿಸಲಾಗಿತ್ತು. ಹೈಫೈ ಇತಿಹಾಸದಲ್ಲಿ ಅತಿ ಹೆಚ್ಚು ಮಾರಾಟವಾದ ಆಂಪ್ಲಿಫೈಯರುಗಳ ಸಾಲಿನಲ್ಲಿ ಅದು ನಿಂತಿತು.

ಅಂಗಡಿಯಲ್ಲಿ ಅನುಸರಿಸಬಹುದಾದ ಕ್ರಮ

1. ಸ್ಪೀಕರಿನ ಸೆನ್ಸಿಟಿವಿಟಿ, ಘೋಷಿತ ಮತ್ತು ಕನಿಷ್ಠ ಇಂಪೀಡೆನ್ಸ್ ಈ ಮೂರನ್ನು ಬರೆದುಕೊಳ್ಳುವುದು.

2. ಹಜಾರದ ಅಳತೆ, ಕೂರುವ ದೂರ, ಕೇಳುವ ಸಂಗೀತ, ಊರಿನ ವೋಲ್ಟೇಜ್ ಕುರಿತು ವಿಚಾರಿಸುವುದು.

3. ಮೇಲಿನಂತೆ ಲೆಕ್ಕ ಹಾಕಿ, ಬಂದ ವ್ಯಾಟಿಗಿಂತ ತುಸು ಹೆಚ್ಚಿನದನ್ನೇ ಸೂಚಿಸುವುದು. ಎರಡು ಜೊತೆ ಸ್ಪೀಕರುಗಳನ್ನು ಎ ಮತ್ತು ಬಿ ಟರ್ಮಿನಲುಗಳಿಗೆ ಏಕಕಾಲದಲ್ಲಿ ಜೋಡಿಸಿದರೆ ಬಹುತೇಕ ಆಂಪ್ಲಿಫೈಯರುಗಳಲ್ಲಿ ಓಮ್ ಇನ್ನೂ ಇಳಿಯುತ್ತದೆಂದು ಎಚ್ಚರಿಸುವುದು.

4. ಎರಡು ಆಂಪ್ಲಿಫೈಯರುಗಳನ್ನು ಹೋಲಿಸಿ ಕೇಳಿಸುವಾಗ ಶಬ್ದಮಟ್ಟ ಸಮನಾಗಿರಬೇಕು. ಒಂದು ಡೆಸಿಬೆಲ್ ಜೋರಾಗಿರುವುದೇ ಕಿವಿಗೆ ಉತ್ತಮವೆನಿಸುತ್ತದೆ. ಒಂದೇ ಪರೀಕ್ಷಾ ಸ್ವರ ಹಾಕಿ ಸ್ಪೀಕರಿನ ಟರ್ಮಿನಲಿನಲ್ಲಿ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಸಮಗೊಳಿಸಬಹುದು.

5. ಸಾಧ್ಯವಾದರೆ ಗ್ರಾಹಕರ ಮನೆಯಲ್ಲಿಯೇ ಒಂದು ಸಂಜೆ ಕೇಳಿಸುವುದು. ತಂತಿಯ ವಿಷಯದಲ್ಲಿ ದುಬಾರಿ ಮಾಲಿನ ಒತ್ತಾಯ ಬೇಡ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 5 ಮೀಟರ್ ದೂರಕ್ಕೆ ಹೋಗಿಬರುವಾಗ ಒಡ್ಡುವ ತಡೆ ಸುಮಾರು 0.12 ಓಮ್, 4 ಓಮಿನ ಟವರಿಗೆ 2.5 ಚದರ ಮಿಲಿಮೀಟರ್ ಹಾಕಿದರೆ ಧಾರಾಳವಾಯಿತು.

ತಯಾರಕರಿಗೆ

ಸಣ್ಣ ಘಟಕಗಳಿಗೆ ಈ ಅಳತೆಗಳು ಎಟುಕದ ವಿಷಯವಲ್ಲ. 8 ಮತ್ತು 4 ಓಮಿನ ದೊಡ್ಡ ರೆಸಿಸ್ಟರುಗಳು, ಸಿಗ್ನಲ್ ಜನರೇಟರ್, ಆಸಿಲೋಸ್ಕೋಪ್, ವೇರಿಯಾಕ್, ಜೊತೆಗೆ ವಿರೂಪ ಅಳೆಯುವ ಒಂದು ಉಪಕರಣ ಇದ್ದರೆ ಪರೀಕ್ಷಾ ಮೇಜು ಸಿದ್ಧ. ಎರಡು ಬದಿಗಳನ್ನೂ ಒಟ್ಟಿಗೆ ನಡೆಸಿ, 230 ವೋಲ್ಟಿನಲ್ಲಿ, 8 ಮತ್ತು 4 ಓಮಿಗೆ ಬಂದ ವ್ಯಾಟನ್ನು ವಿರೂಪದ ಪ್ರಮಾಣದೊಂದಿಗೆ ಮುದ್ರಿಸಬೇಕು. ಸ್ಪೀಕರ್ ತಯಾರಕರು ಕನಿಷ್ಠ ಇಂಪೀಡೆನ್ಸನ್ನು ಮರೆಮಾಡದೆ ತಿಳಿಸಬೇಕು.

ಪೆಟ್ಟಿಗೆಯ ಮೇಲೆ 45 ವ್ಯಾಟ್ ಎಂದು ಬರೆದು 45 ವ್ಯಾಟನ್ನೇ ಕೊಡುವ ಸರಕು, ಪಕ್ಕದ 1,000 ವ್ಯಾಟಿನ ಪೆಟ್ಟಿಗೆಯೆದುರು ಮೊದಲ ದಿನ ಸಣ್ಣದಾಗಿ ಕಾಣಬಹುದು. ಅದನ್ನು ಕೊಂಡವರು ವಾರಂಟಿಯ ಚೀಟಿ ಹಿಡಿದು ಹಿಂದಿರುಗುವ ಸಂದರ್ಭ ಕಡಿಮೆ. ಮುಂದಿನ ಖರೀದಿಗೆ ಅದೇ ಅಂಗಡಿಗೆ ನೆಂಟರನ್ನು ಕರೆತರುವ ಸಂಭವ ಹೆಚ್ಚು. ವರ್ತಕರಿಗೂ ತಯಾರಕರಿಗೂ ಉಳಿಯುವ ಲಾಭ ಅದೇ.